ಫಾತಾ, ಪ್ರಾತಾ ಮತ್ತು ನಾನು ತಿರುಗಿಸದ ಹಾಳೆ

ಏನೇನು ಕೆಡಬಹುದು ಎಂಬ ಪಟ್ಟಿ ನನ್ನ ಬಳಿ ಯಾವಾಗಲೂ ಸಿದ್ಧವಿರುತ್ತದೆ. ಈ ಪುಸ್ತಕದ್ದು ಹೀಗಿತ್ತು: ನನ್ನ ಮನೆಯಿರುವ ಪ್ಲೇನ್‌ಫೀಲ್ಡಿನಿಂದ ವಿಕ್ಸಮ್‌ಗೆ ಮುದ್ರಣಾಲಯಕ್ಕೆಂದು ಹೋಗುವಾಗ ಹೆದ್ದಾರಿಯ ಎರಡು ಎಕ್ಸಿಟ್‌ಗಳ ನಡುವೆ ಕಾರಿನ ಟೈರು ಒಡೆಯಬಹುದು. ನಾಲ್ಕು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರದೆ ಕ್ಯಾರೆಟ್ಟಿಗೆ ಎರಡು ಅಂಚು ಬರಬಹುದು. ಆಲೂಗಡ್ಡೆಯ ಫೋಟೋ ಶುಂಠಿಯ ಹಾಗೆ ಕಾಣಬಹುದು. ಐರಿಷ್ ಅಕ್ಷರಗಳ ತಲೆಯ ಮೇಲೆ ಕೂರುವ ಓರೆ ಗೆರೆ ಫಾಂಟಿನಲ್ಲಿಲ್ಲದೆ ಆ ಜಾಗದಲ್ಲೆಲ್ಲ ಖಾಲಿ ಚೌಕ ಅಚ್ಚಾಗಬಹುದು. ಐರಿಷ್ ವ್ಯಾಕರಣದಲ್ಲಿ ಎಲೆಕೋಸಿನ ಲಿಂಗ ತಿರುವುಮುರುವಾಗಬಹುದು. ಪುಸ್ತಕದ ಪಿನ್ನು ಒಳಕ್ಕೆ ಮಡಿಯದೆ ಮಗುವಿನ ಬೆರಳಿಗೆ ಚುಚ್ಚಬಹುದು. ಆ ಮಗುವಿನ ತಂದೆ ವಕೀಲನಾಗಿರಬಹುದು. ಎಂಬತ್ತು ದಾಟಿದ ನಮ್ಮ ಪರಿಶೀಲಕಿ ಕೊನೆಯ ಪ್ರೂಫಿಗೆ ಮುಂಚೆಯೇ ತೀರಿಕೊಳ್ಳಬಹುದು. ಹೇಳಲು ನಾಚಿಕೆಯಾಗುತ್ತದೆ, ಇದನ್ನೂ ಬರೆದುಕೊಂಡಿದ್ದೆ. ಮುಂದೆ "ಬದಲಿ ವ್ಯವಸ್ಥೆ?" ಎಂದು ಪ್ರಶ್ನೆ ಚಿಹ್ನೆ ಬೇರೆ.

ಇವು ಯಾವುವೂ ಆಗಲಿಲ್ಲ.

ನಾನು ನೇಪರ್‌ವಿಲ್ಲಿನ ಒಂದು ಪುಟ್ಟ ಪ್ರಕಾಶನದಲ್ಲಿ ಕೆಲಸ ಮಾಡುತ್ತೇನೆ. ವಾರಾಂತ್ಯದ ಭಾಷಾ ತರಗತಿಗಳ ಮಕ್ಕಳಿಗಾಗಿ ನಾವು ಚಿತ್ರನಿಘಂಟುಗಳನ್ನು ಮಾಡುತ್ತೇವೆ. ಹಸ್ತಪ್ರತಿ ಕೈಗೆ ಬಂದಲ್ಲಿಂದ ಅಚ್ಚಾದ ಹಾಳೆ ಮಡಿಸುವ ಯಂತ್ರಕ್ಕೆ ಹೋಗುವ ತನಕ ನಡುವೆ ಏನು ಕೆಟ್ಟರೂ ಅದು ನನ್ನದು. ಆ ಭಾಷೆಗಳಲ್ಲಿ ಒಂದೂ ನನಗೆ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ, ಅದಕ್ಕೇ ಪರಿಶೀಲಕರು ಇರುವುದು.

ಐರಿಷ್ ಭಾಷೆಯ ಪುಸ್ತಕ ತರಕಾರಿಗಳದ್ದು, ನಲವತ್ತೆಂಟು ಪುಟ. ನಮ್ಮ ಪ್ರತಿ ಪುಸ್ತಕದಲ್ಲೂ ಕೊನೆಯಿಂದ ಮೂರನೆಯ ಪುಟ "ಒಂದು ಪದದ ಕಥೆ". ಒಂದೇ ಪದ ತೆಗೆದುಕೊಂಡು ಅದು ಎಲ್ಲಿಂದ ಬಂತು, ವಾಕ್ಯದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಹೇಳುವುದು. ಈ ಸಲದ ಪದ ಆಲೂಗಡ್ಡೆ. ಐರಿಷಿನಲ್ಲಿ ಪ್ರಾತಾ.

ಪುಟವನ್ನು ಬರೆದುಕೊಟ್ಟವನು ಹೊರಗಿನ ಗುತ್ತಿಗೆ ಲೇಖಕ. ಚೆನ್ನಾಗಿಯೇ ಬರೆದಿದ್ದ. ಕೆರಿಬಿಯನ್ ದ್ವೀಪದ ಜನ ಸಿಹಿಗೆಣಸಿಗೆ ಬಟಾಟ ಅನ್ನುತ್ತಿದ್ದರು. ಅದನ್ನು ಸ್ಪ್ಯಾನಿಷರು ಎತ್ತಿಕೊಂಡರು, ಅವರಿಂದ ಇಂಗ್ಲಿಷರು, ಇಂಗ್ಲಿಷರಿಂದ ಐರಿಷರು. ಈ ನಡುವೆ ಹೆಸರು ಸಿಹಿಗೆಣಸನ್ನು ಬಿಟ್ಟು ಆಲೂಗಡ್ಡೆಯ ಮೇಲೆ ಕೂತಿತು. ಪದ ಪುಲ್ಲಿಂಗ. "ಆಲೂಗಡ್ಡೆ" ಎಂದರೂ "ಆಲೂಗಡ್ಡೆಯ" ಎಂದರೂ ಅದರ ಬಾಲ ಅಲುಗುವುದಿಲ್ಲ, ಬಹುವಚನದಲ್ಲಿ ಮಾತ್ರ ಪ್ರಾತೀ ಆಗುತ್ತದೆ. ಆದರೆ "ಆ ಆಲೂಗಡ್ಡೆಯ ರುಚಿ" ಎನ್ನಬೇಕಾದರೆ ಪದದ ತಲೆ ಬದಲಾಗುತ್ತದೆ: ಬ್ಲಾಸ್ ಅನ್ ಫ್ರಾತಾ. ನಾವು ವಿಭಕ್ತಿಯನ್ನು ಪದದ ಹಿಂದೆ ಅಂಟಿಸುತ್ತೇವೆ, ಇವರು ಮುಂದಿನಿಂದ ಹಿಡಿದು ಎಳೆಯುತ್ತಾರೆ. ಹಳಗನ್ನಡದ ಪಾಲು ನಮ್ಮ ಬಾಯಲ್ಲಿ ಹಾಲಾಗಲು ಶತಮಾನಗಳೇ ಹಿಡಿದವು. ಇವರ ಪಕಾರ ಒಂದೇ ವಾಕ್ಯದೊಳಗೆ ಮೆತ್ತಗಾಗಿ, ಮುಂದಿನ ವಾಕ್ಯಕ್ಕೆ ಮತ್ತೆ ಗಟ್ಟಿಯಾಗುತ್ತದೆ. ನನಗೆ ಅದು ಇಷ್ಟವಾಯಿತು. ಈ ಬರಹವೆಲ್ಲ ಇದ್ದ ಗೆರೆಪೆಟ್ಟಿಗೆಯ ತಳದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: "ಪಶ್ಚಿಮದ ಕೆಲವೆಡೆ ಫಾತಾ ಎಂಬ ಸವೆದ ರೂಪವೂ ಕೇಳಿಬರುತ್ತದೆ." ಅದರ ಮೇಲೆ ನನ್ನ ಕಣ್ಣು ನಿಲ್ಲಲಿಲ್ಲ.

ಪರಿಶೀಲಕಿ ಷಿಕಾಗೋದ ನೈಋತ್ಯದ ಒಂದು ಊರಿನಲ್ಲಿ, ಚರ್ಚಿನ ನೆಲಮಾಳಿಗೆಯಲ್ಲಿ, ಶನಿವಾರದ ತರಗತಿ ನಡೆಸುವ ಹೆಂಗಸು. ಐರ್ಲೆಂಡಿನ ಪಶ್ಚಿಮ ಕರಾವಳಿಯ ಮನೆಮಾತು ಅವರದು. ಕಂಪ್ಯೂಟರ್ ಇಲ್ಲ, ಪ್ರೂಫ್ ಕಾಗದದಲ್ಲೇ ಬೇಕು. ಮೊದಲ ಭೇಟಿಯಲ್ಲೇ ಅವರು ಒಂದು ಷರತ್ತು ಹಾಕಿದ್ದರು. ಅವರ ತರಗತಿಯ ಹುಡುಗಿಯೊಬ್ಬಳು ಯಾವುದೋ ಸ್ಪರ್ಧೆಯಲ್ಲಿ ಆಲೂಗಡ್ಡೆಗೆ ಫಾತಾ ಎಂದಳಂತೆ. ತೀರ್ಪುಗಾರ ತಪ್ಪು ಎಂದು ಹೊಡೆದುಹಾಕಿದನಂತೆ. ಮರುವಾರ ಮೂರು ಮನೆಯವರು, ಇಲ್ಲಿ ಹಳ್ಳಿ ಭಾಷೆ ಕಲಿಸುತ್ತಾರೆ ಎಂದು ಹೇಳಿ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಇನ್ನು ಎರಡು ಮನೆಯವರು ಹೋದರೆ ಚರ್ಚಿನವರು ಆ ಕೋಣೆಯನ್ನು ಯೋಗದವರಿಗೆ ಕೊಡುತ್ತಾರೆ. ಪರಿಶೀಲಕಿಗೆ ಬೇಕಾದದ್ದು ಒಂದೇ: ಅಚ್ಚಾದ ಒಂದು ಪುಸ್ತಕದಲ್ಲಾದರೂ ಫಾತಾ ಮತ್ತು ಪ್ರಾತಾ ಅಕ್ಕಪಕ್ಕದಲ್ಲಿ, ಸಮಸಮವಾಗಿ ಇರಬೇಕು. ಇರುತ್ತವೆ ಎಂದೆ. ಅದೇನು ದೊಡ್ಡ ಮಾತು ಎಂಬ ದನಿಯಲ್ಲಿ ಎಂದೆ.

ಇನ್ನು ಹೇಸಿಗೆಯ ವಿಷಯಕ್ಕೆ ಬರುತ್ತೇನೆ. ಮುಂದೂಡಿ ಪ್ರಯೋಜನವಿಲ್ಲ.

ಮೊದಲ ಪ್ರೂಫ್ ನೋಡಲು ಅವರ ಊಟದ ಮೇಜಿನ ಎದುರು ಕೂತೆ. ಮೇಜಿನ ಮೇಲೆ ನಲವತ್ತೆಂಟು ಹಾಳೆ, ಪಕ್ಕದಲ್ಲಿ ಚಹಾ, ಒಂದು ತಟ್ಟೆಯಲ್ಲಿ ಬೆಣ್ಣೆ ಮೆತ್ತಿದ ಬ್ರೆಡ್ಡು. ಅವರು ಬಲಗೈ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಮೊದಲ ಹಾಳೆ ತಿರುಗಿಸಿದರು. ಮತ್ತೆ ಒತ್ತಿದರು, ಎರಡನೆಯದು. ಬ್ರೆಡ್ಡಿನ ಒಂದು ಕಡಿತ, ಹೆಬ್ಬೆರಳು, ನಾಲಿಗೆ, ಹಾಳೆ. ಪ್ರತಿ ಹಾಳೆಯ ಕೆಳಮೂಲೆಯಲ್ಲೂ ಬಟಾಣಿಯಷ್ಟು ಅಗಲದ ಒದ್ದೆ. ಅದರಲ್ಲಿ ಬೆಣ್ಣೆಯ ಮಿನುಗು.

ನಾನು ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಮನೆಯವನು. ಅಂಚೆಚೀಟಿಗೆ ಇಂದಿಗೂ ನೀರು ಹಚ್ಚುತ್ತೇನೆ. ದೇವರು ದಿಂಡರು, ಮಡಿ ಮೈಲಿಗೆ ಎಲ್ಲ ಯಾವತ್ತೋ ಬಿಟ್ಟುಹೋದವು. ಎಂಜಲು ಮಾತ್ರ ಹೋಗಿಲ್ಲ. ಮಗಳು ಕಚ್ಚಿದ ಸೇಬನ್ನು ಮುಗಿಸಲಾರದ ತಂದೆ ನಾನು. ಹಾಗಾಗಿ ಹತ್ತನೆಯ ಹಾಳೆಯ ಹೊತ್ತಿಗೆ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದ್ದೆ, ಇಪ್ಪತ್ತರ ಹೊತ್ತಿಗೆ ಗೋಡೆಯ ಗಡಿಯಾರವನ್ನು ನೋಡುತ್ತಿದ್ದೆ, ನಲವತ್ತರ ಹೊತ್ತಿಗೆ ಚಾವಣಿಯನ್ನು. ಕೊನೆಯ ಕೆಲವು ಹಾಳೆಗಳಲ್ಲಿ ಒಂದರ ಮೇಲೆ ಅವರು ತುಂಬಾ ಹೊತ್ತು ಬರೆಯುತ್ತಿದ್ದರು ಎಂಬುದು ಪೆನ್ನಿನ ಸದ್ದಿನಿಂದ ತಿಳಿಯಿತು. ನಾನು ತಲೆ ತಗ್ಗಿಸಲಿಲ್ಲ.

ಹೊರಡುವಾಗ ಹಾಳೆಗಳನ್ನು ಅಂಚಿನಲ್ಲಿ ಹಿಡಿದು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿದೆ. ತಂದಿದ್ದ ಬಿಸ್ಕತ್ತಿನ ಡಬ್ಬ ಕೊಟ್ಟು, ಅವರ ಕೈ ಕುಲುಕಿ, ಕಾರಿನಲ್ಲಿ ಕೂತು ಸ್ಯಾನಿಟೈಸರ್ ಅರ್ಧ ಬಾಟಲಿ ಸುರಿದುಕೊಂಡೆ.

ನಮ್ಮ ಕಚೇರಿಯ ನಿಯಮ ಸ್ಪಷ್ಟವಾಗಿದೆ. ಪರಿಶೀಲಕರಿಂದ ಬಂದ ಪ್ರತಿ ಹಾಳೆಯ ಎರಡೂ ಮಗ್ಗುಲನ್ನು ನೋಡಿ ತಿದ್ದುಪಡಿಗಳನ್ನು ಪಟ್ಟಿ ಮಾಡಬೇಕು. ತಿದ್ದಿದ ಎರಡನೆಯ ಪ್ರೂಫನ್ನು ಮತ್ತೆ ಪರಿಶೀಲಕರಿಗೆ ತೋರಿಸಿ ಸಹಿ ಪಡೆಯಬೇಕು. ಆ ನಿಯಮವನ್ನು ಬರೆದವನು ನಾನೇ. ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.

ಭಾನುವಾರ ಮಧ್ಯಾಹ್ನ ಗ್ಯಾರೇಜಿನಲ್ಲಿ ಮಡಿಸುವ ಮೇಜು ಹಾಕಿ, ಅದರ ಮೇಲೆ ಜಾಹೀರಾತು ಕಾಗದ ಹರಡಿ, ಪಾತ್ರೆ ತೊಳೆಯುವ ಹಳದಿ ಗ್ಲೌಸ್ ಹಾಕಿಕೊಂಡು ಕೂತೆ. ಅಡುಗೆಮನೆಯ ಇಕ್ಕಳದಿಂದ ಒಂದೊಂದೇ ಹಾಳೆ ಎತ್ತಿ ಇಟ್ಟು, ಫೋನಿನಲ್ಲಿ ಮೇಲಿನಿಂದ ಫೋಟೋ ತೆಗೆದು ಪಕ್ಕಕ್ಕೆ ಸರಿಸುವುದು. ಹೆಂಡತಿ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು.

"ರೀ, ಅದು ನಾನು ಚಪಾತಿ ಸುಡೋ ಇಕ್ಕಳ."

"ತೊಳೆದಿಡ್ತೀನಿ."

"ಬೇಡ, ಇನ್ನು ಅದನ್ನ ನೀವೇ ಇಟ್ಕೊಳಿ. ಆಫೀಸ್ ಪೇಪರನ್ನ ಇಕ್ಕಳದಲ್ಲಿ ಎತ್ತೋ ಗಂಡಸನ್ನ ಇವತ್ತೇ ನೋಡಿದ್ದು. ಪಾಪ, ಆ ಆಂಟಿ ನೋಡಿದ್ರೆ ಏನಂದ್ಕೊಳ್ತಾರೆ?"

ಅವಳ ಹಿಂದಿನಿಂದ ಮಗಳು ಇಣುಕಿ, "ಅಪ್ಪಾ, ಇಟ್ಸ್ ಜಸ್ಟ್ ಪೇಪರ್" ಎಂದು ಹೇಳಿ ಹೋದಳು.

ಪ್ರೂಫನ್ನು ನಾವು ಒಂದೇ ಮಗ್ಗುಲಿಗೆ ಅಚ್ಚು ಹಾಕುತ್ತೇವೆ. ಆದ್ದರಿಂದ ಹಿಂಬದಿ ಖಾಲಿಯೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ತಿರುಗಿಸಬೇಕಾದರೆ ಒದ್ದೆ ಮೂಲೆಯನ್ನು ಹಿಡಿಯಬೇಕಾಗುತ್ತಿತ್ತು. ಅದಕ್ಕೆ ಈಗ ಒಣಗಿ ಒಂದು ಬಗೆಯ ಹೊಳಪು ಬಂದಿತ್ತು. ಫೋಟೋಗಳನ್ನು ವಿನ್ಯಾಸಕಾರನಿಗೆ ಕಳಿಸಿದೆ. ಅವನು ಕಂಡದ್ದನ್ನೆಲ್ಲ ತಿದ್ದಿದ.

ಎರಡನೆಯ ಪ್ರೂಫ್ ಕಳಿಸಲಿಲ್ಲ. ಸಮಯವಿಲ್ಲ ಎಂದು ಮೇಲಿನವರಿಗೆ ಹೇಳಿದೆ. ಸಮಯವಿತ್ತು. ಇನ್ನೊಮ್ಮೆ ಆ ಮೇಜಿನ ಎದುರು ಕೂರುವ ಧೈರ್ಯವಿರಲಿಲ್ಲ. ಆ ವಾರವೇ ಪರಿಶೀಲಕಿ ಫೋನ್ ಮಾಡಿ, ನಾನು ಬರೆದದ್ದೆಲ್ಲ ಹಾಕಿದಿರಾ ಎಂದು ಕೇಳಿದರು. ಪ್ರತಿಯೊಂದು ಮಾತನ್ನೂ ಹಾಕಿದ್ದೇವೆ ಎಂದೆ.

ಅಚ್ಚಿನ ಹಿಂದಿನ ದಿನ ವಿಕ್ಸಮ್‌ಗೆ ಡ್ರೈವ್ ಮಾಡಿಕೊಂಡು ಹೋಗಿ, ಮೋಟೆಲಿನಲ್ಲಿ ಇದ್ದು, ಬೆಳಿಗ್ಗೆ ಎಂಟಕ್ಕೆ ಮುದ್ರಣಾಲಯ ತಲುಪಿದೆ. ಕೈಗಾರಿಕಾ ಶೆಡ್ಡುಗಳ ಸಾಲಿನಲ್ಲಿ ಒಂದು. ಅಲ್ಲಿಯ ಮೇಲ್ವಿಚಾರಕರು ಬೆಳಗಾವಿ ಕಡೆಯ ಮುಸ್ಲಿಮರು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ನನ್ನ ಫೋನ್ ಕರೆಗಳನ್ನು ವರ್ಷಗಳಿಂದ ಸಹಿಸಿಕೊಂಡು ಬಂದವರು. ಮೊದಲ ಹಾಳೆ ಯಂತ್ರದ ಮೇಲಿತ್ತು. ಮಧ್ಯಕ್ಕೆ ಪಿನ್ನು ಹೊಡೆಯುವ ಪುಸ್ತಕದಲ್ಲಿ ಮೊದಲ ಎಂಟು ಪುಟ ಮತ್ತು ಕೊನೆಯ ಎಂಟು ಪುಟ ಒಂದೇ ದೊಡ್ಡ ಹಾಳೆಯಲ್ಲಿ ಬರುತ್ತವೆ. ಹಾಗಾಗಿ ಆಲೂಗಡ್ಡೆಯ ಪುಟವೂ ಆಗಲೇ ಅಚ್ಚಾಗುತ್ತಿತ್ತು. ಬಣ್ಣ ಸರಿಯಾಗಿ ಕೂತಿತ್ತು. ಫೋಟೋ ಆಲೂಗಡ್ಡೆಯ ಹಾಗೆಯೇ ಕಾಣುತ್ತಿತ್ತು. ಒಳಗೊಳಗೆ ಸಣ್ಣ ನಿರಾಸೆಯೇ ಆಯಿತು.

ಮೇಲ್ವಿಚಾರಕರು ಹೋಲಿಸಿ ನೋಡಲು ಪರಿಶೀಲಕರ ಮೂಲ ಪ್ರೂಫ್ ಕೇಳಿದರು. ಚೀಲವನ್ನು ಎರಡು ಬೆರಳಲ್ಲಿ ಹಿಡಿದು ಚಾಚಿದೆ.

"ಏನ್ರಿ ಸರ, ಇದರಾಗ ಹಾವಿನ ಮರಿ ಇಟ್ಟೀರೇನು? ಅಷ್ಟು ದೂರಿಂದ ಕೊಡ್ಲಿಕ್ಕತ್ತೀರಿ."

ಅವರು ಹಾಳೆಗಳನ್ನು ಹೊರತೆಗೆದು ಬೆಳಕಿನ ಮೇಜಿನ ಮೇಲೆ ಹಾಕಿದರು. ಆಮೇಲೆ ಹೆಬ್ಬೆರಳನ್ನು ಬಾಯಿಗೆ ಇಟ್ಟು, ಅದೇ ಮೂಲೆಗಳ ಮೇಲೆ ಒತ್ತಿ, ಹಾಳೆ ತಿರುಗಿಸತೊಡಗಿದರು. ಬಾಯಿಗೆ, ಹಾಳೆಗೆ, ಮತ್ತೆ ಬಾಯಿಗೆ. ಅವರ ಎಂಜಲು ಇವರಿಗೆ, ಇವರದು ಅವರದರ ಮೇಲೆ. ನಾನು ಮುಖವನ್ನು ಯಂತ್ರದ ಕಡೆ ತಿರುಗಿಸಿದೆ. ಶಾಯಿಯ ವಾಸನೆಯನ್ನೇ ಆಳವಾಗಿ ಎಳೆದುಕೊಂಡು ನಿಂತೆ.

"ಸರ, ಇಲ್ಲಿ ಬಾಣದ ಗುರ್ತು ಹಾಕ್ಯಾರ. ಹಿಂದ್ಲ ಬಾಜೂನೂ ಬರದಾರಲ್ರಿ. ನೀವು ನೋಡೀರಿಲ್ಲ?"

ನನ್ನ ಫೋಟೋದಲ್ಲಿ ಆ ಬಾಣ ಚಹಾದ ಕಲೆಯ ಹಾಗೆ ಬಂದಿತ್ತು. ಆಲೂಗಡ್ಡೆಯ ಪುಟದ ಹಿಂಬದಿಯಲ್ಲಿ ಪರಿಶೀಲಕಿ ಹಾಳೆ ತುಂಬ ಬರೆದಿದ್ದರು. ಸವೆದ ರೂಪ ಎಂಬ ಮಾತನ್ನು ತೆಗೆಯಿರಿ. ಪ್ರಾತಾದಲ್ಲಿರುವ ರಕಾರ ಎಲ್ಲಿಂದ ಬಂತು ಎಂಬುದಕ್ಕೇ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಾಗಿರುವಾಗ ಅದಿಲ್ಲದ ಪದವನ್ನು ಕೆಟ್ಟುಹೋದದ್ದು ಎನ್ನುವುದು ಹೇಗೆ? ಫಾತಾಕ್ಕೂ ಪೂರ್ತಿ ವ್ಯಾಕರಣವಿದೆ. ಬಹುವಚನ ಫಾತೀ. "ಆ ಆಲೂಗಡ್ಡೆಯ ರುಚಿ" ಎನ್ನುವಾಗ ಎಫ್‌ನ ಪಕ್ಕ ಎಚ್ ಬಂದು ಎರಡೂ ಮೌನವಾಗುತ್ತವೆ: ಬ್ಲಾಸ್ ಅನ್ ಆತಾ. ಕೊನೆಯಲ್ಲಿ, ಇದು ಸಾಧ್ಯವಿಲ್ಲವಾದರೆ ನನ್ನ ಹೆಸರು ತೆಗೆಯಿರಿ, ಈ ಪುಸ್ತಕ ನನ್ನ ಮಕ್ಕಳ ಕೈಗೆ ಹೋಗುವುದಿಲ್ಲ.

ಯಂತ್ರ ನಿಲ್ಲಿಸಲು ಹೇಳಿದೆ. ನನ್ನ ಮೇಲಿನವರಿಗೆ ಫೋನ್ ಮಾಡಿದರೆ ಅವರು ವಿಮಾನದಲ್ಲಿದ್ದರು.

ಮೇಲ್ವಿಚಾರಕರು ಲೆಕ್ಕ ಬಿಡಿಸಿ ಹೇಳಿದರು. ಅಚ್ಚಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಪ್ಲೇಟ್. ತಲೆಬರಹ ಬಿಟ್ಟರೆ ಪುಟದ ಬರಹವೆಲ್ಲ ಕಪ್ಪು. ಹಾಗಾಗಿ ಕಪ್ಪು ಪ್ಲೇಟ್ ಒಂದನ್ನು ಹೊಸದಾಗಿ ಮಾಡಿದರೆ ಸಾಕು, ಪ್ರಾತಾದ ಕೆಳಗೆ ಫಾತಾವನ್ನೂ ದೊಡ್ಡ ಅಕ್ಷರದಲ್ಲಿ ಕೂರಿಸಬಹುದು. ಆದರೆ ತಲೆಬರಹದ ಪ್ರಾತಾ ಇದ್ದದ್ದು ಹಸಿರಿನಲ್ಲಿ. ಹಸಿರು ಎಂದರೆ ನೀಲಿ ಮತ್ತು ಹಳದಿ, ಅವೆರಡು ಬೇರೆ ಪ್ಲೇಟ್‌ಗಳು.

"ಒಂದ್ ಕರೇ ಪ್ಲೇಟ್ ಅಂದ್ರ ಈಗಿಂದೀಗ ಮಾಡಿಸಿ ಕೊಡ್ತೀನ್ರಿ. ಮೂರೂ ಅಂದ್ರ ಮತ್ತ ಮೊದಲಿಂದ ಬಣ್ಣ ಕೂಡಸ್ಬೇಕು. ಎರಡು ಗಂಟೇಕ ಔಷಧ ಕಂಪನೀದು ಜಾಬ್ ಐತಿ. ಅದನ್ನ ಮುಂದ ಹಾಕ್ಲಿಕ್ಕೆ ನನಗೂ ಕಷ್ಟ."

ಒಂದೇ ಪ್ಲೇಟ್ ಎಂದು ಮನಸ್ಸು ಆಗಲೇ ಒಪ್ಪಿಕೊಂಡಿತ್ತು. ದೊಡ್ಡ ಅಕ್ಷರವಲ್ಲವೇ, ಇನ್ನೇನು ಬೇಕು. ಪರಿಶೀಲಕಿಗೆ ಫೋನ್ ಮಾಡಿದೆ. ಹಿಂಬದಿ ನೋಡಿರಲಿಲ್ಲ ಎಂದು ಹೇಳಿದೆ.

"ಪ್ರತಿಯೊಂದು ಮಾತನ್ನೂ ಹಾಕಿದ್ದೇವೆ ಅಂದಿರಿ," ಎಂದರು.

"ಹೌದು."

"ನನ್ನ ಹಾಳೆಗಳನ್ನು ನೀವು ಹೇಗೆ ಎತ್ತಿಕೊಂಡಿರಿ ಅಂತ ನೋಡಿದೆ. ಮುಂದಿನ ಸಲ ಬಿಸ್ಕತ್ತು ಬೇಡ, ಒಂದು ಜೊತೆ ಗ್ಲೌಸ್ ತನ್ನಿ. ನಾಚಿಕೊಳ್ಳಬೇಡಿ, ನನ್ನ ಎದುರಿಗೇ ಹಾಕಿಕೊಳ್ಳಿ."

ಗ್ಯಾರೇಜಿನಲ್ಲಿ ಹಳದಿ ಗ್ಲೌಸ್ ಹಾಕಿಕೊಂಡು ಕೂತಿದ್ದವನನ್ನು ಅವರ ಕಡೆಯಿಂದ ನೋಡಿದೆ. ಆವರೆಗೂ ಬೆಣ್ಣೆಯ ಒದ್ದೆಯ ಮೇಲಿದ್ದ ಹೇಸಿಗೆಯಷ್ಟೂ ಆ ಮನುಷ್ಯನ ಮೇಲೆ ಬಂದು ಕೂತಿತು. ಒಬ್ಬ ಹೆಂಗಸಿನ ತರಗತಿಯನ್ನೇ ಇಕ್ಕಳದಲ್ಲಿ ಹಿಡಿದು ಪಕ್ಕಕ್ಕೆ ಸರಿಸಿದ್ದ ಅವನು. ನಿಯಮ ಗೊತ್ತಿದ್ದೂ, ಸಮಯವಿದ್ದೂ.

ಈಗ ಏನು ಮಾಡಬಹುದು ಎಂದು ವಿವರಿಸಿದೆ. ಅವರು ಕೇಳಿದ್ದು ಇಷ್ಟೇ: ಪ್ರಾತಾ ಯಾವ ಬಣ್ಣ? ಹಸಿರು. ಫಾತಾ? ಕಪ್ಪು.

"ಮಕ್ಕಳು ಓದುವುದಕ್ಕಿಂತ ಮೊದಲು ಬಣ್ಣ ನೋಡುತ್ತಾರೆ," ಎಂದರು.

ಮೇಲ್ವಿಚಾರಕರ ಕಡೆ ತಿರುಗಿ ಮೂರೂ ಪ್ಲೇಟ್ ಎಂದೆ. ಎರಡೂ ಪದ ಕಪ್ಪಿನಲ್ಲೇ, ಒಂದೇ ಅಳತೆಯಲ್ಲಿ, ಒಂದೇ ಸಾಲಿನಲ್ಲಿ. ಹಾಳಾದ ಹಾಳೆಗಳ ಹೊಣೆ ನನ್ನದು ಎಂದು ಅವರ ಚೀಟಿಯಲ್ಲಿ ಬರೆದು ಸಹಿ ಹಾಕಿದೆ. ಜೀವನದಲ್ಲಿ ಮೇಲಿನವರನ್ನು ಕೇಳದೆ ಮಾಡಿದ ಸಹಿಗಳು ತೀರಾ ಕಡಿಮೆ. ಆ ಸಹಿ ನನ್ನದರ ಹಾಗೆ ಕಾಣುತ್ತಲೂ ಇರಲಿಲ್ಲ.

ಮೇಲ್ವಿಚಾರಕರು ಕೂಡಲೇ ಒಪ್ಪಲಿಲ್ಲ. ಪುಟವನ್ನು ಹಿಡಿದು ಓದುತ್ತ ನಿಂತರು. ಬಟಾಟ ಎಂಬ ಪದದ ಮೇಲೆ ಬೆರಳಿಟ್ಟರು.

"ನಮ್ಮ ಅಮ್ಮಿ ಬಟಾಟಿ ಅಂತಿದ್ಲ್ರಿ. ಬೆಂಗಳೂರಾಗ ಕೆಲಸಕ್ಕಿದ್ದಾಗ ಮೆಸ್‌ನಾಗ ಬಟಾಟಿ ಪಲ್ಲೆ ಕೇಳಿದ್ರ ನಗ್ತಿದ್ರು. ಆಲೂಗಡ್ಡೆ ಅನ್ರಿ, ಆಲೂಗಡ್ಡೆ. ಈಗ ನೋಡಿದ್ರ ನಮ್ದ ಹಳೇದ ಐತೆಲ್ರಿ."

ನಗುತ್ತಿದ್ದವರ ಕಡೆಯವನೇ ನಾನು. ಮೇಲ್ವಿಚಾರಕರು ಔಷಧ ಕಂಪನಿಗೆ ಫೋನ್ ಮಾಡಿ, ನಿಮ್ಮ ಕೆಲಸ ನಾಲ್ಕು ಗಂಟೆಗೆ ಎಂದರು.

ಪ್ಲೇಟ್ ಮಾಡುವ ಕೋಣೆಯ ಕಂಪ್ಯೂಟರಿನಲ್ಲಿ ಹಳೆಯ ಪೆಟ್ಟಿಗೆಯನ್ನು ಪೂರ್ತಿ ಅಳಿಸಿ ಹೊಸದನ್ನು ಕೂರಿಸಿದೆವು. ಪರಿಶೀಲಕಿಯ ಕೈಬರಹ ಬೆಣ್ಣೆಯಿಂದ ಅಲ್ಲಲ್ಲಿ ಕಲೆಸಿತ್ತು. ಓದಬೇಕಾದರೆ ಹಾಳೆಯನ್ನು ಬರಿಗೈಯಲ್ಲಿ ಹಿಡಿದು ದೀಪಕ್ಕೆ ಎತ್ತಬೇಕಿತ್ತು. ಹಿಡಿದೆ. ಮೂಲೆ ಅಂಟಂಟಾಗಿತ್ತು. ಅಸಹ್ಯವೇನೂ ಕಡಿಮೆಯಾಗಲಿಲ್ಲ. ಜ್ಞಾನೋದಯ ಆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೈಯೆಲ್ಲ ಮುಳ್ಳೆದ್ದಂತೆಯೇ ಅರ್ಧ ಗಂಟೆ ಹಿಡಿದುಕೊಂಡಿದ್ದೆ.

ಪರಿಶೀಲಕಿಗೆ ಮತ್ತೆ ಫೋನ್ ಮಾಡಿ ಅಕ್ಷರ ಅಕ್ಷರ ಓದಿ ಹೇಳಿದೆ. ಪ್ರಾತಾದಲ್ಲಿ ಮೊದಲ ಎ ಮೇಲೆ ಓರೆ ಗೆರೆ ಇದೆ, ಎರಡನೆಯದರ ಮೇಲೆ ಇಲ್ಲ. ಫಾತಾದಲ್ಲಿ ಎಲ್ಲೂ ಇಲ್ಲ. ಬಹುವಚನದ ಕೊನೆಯ ಐ ಮೇಲೆ ಎರಡರಲ್ಲೂ ಇದೆ. ಅವರು ಪ್ರತಿ ಸಲವೂ "ಸರಿ" ಎನ್ನುವ ತನಕ ಮುಂದೆ ಹೋಗಲಿಲ್ಲ. ನಾಲ್ಕು ಸುತ್ತು ಹೀಗೆ. ನಾಲ್ಕನೆಯದರಲ್ಲಿ ಅವರಿಗೇ ಸಾಕಾಗಿ, ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದರು. ಪ್ಲೇಟ್‌ಗಳು ಬಂದವು. ಹೊಸ ಹಾಳೆ ಹೊರಬಿದ್ದಾಗ ಭೂತಗನ್ನಡಿ ಇಟ್ಟು ಪೆಟ್ಟಿಗೆಯ ಒಂದೊಂದು ಅಕ್ಷರವನ್ನೂ ನೋಡಿದೆ. ಎರಡೂ ಪದ ಅಕ್ಕಪಕ್ಕ, ಕಪ್ಪಾಗಿ, ಸಮಸಮವಾಗಿ. ಕೈ ತೊಳೆಯಲು ಹೋದರೆ ಮುದ್ರಣಾಲಯದ ಸಾಬೂನಿನಲ್ಲಿ ಶಾಯಿ, ಮರಳು, ಯಾರದೋ ಕೂದಲು.

ಎರಡು ವಾರದ ಮೇಲೆ ಮೊದಲ ಕಟ್ಟನ್ನು ನಾನೇ ಶನಿವಾರದ ತರಗತಿಗೆ ಒಯ್ದೆ. ಬಿಟ್ಟುಹೋಗಿದ್ದ ಮೂರು ಮನೆಗಳಲ್ಲಿ ಒಂದರ ತಾಯಿ ಮಗನ ಜೊತೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು, ಕೋಟು ತೆಗೆದಿರಲಿಲ್ಲ. ಪರಿಶೀಲಕಿ ಆ ಪುಟವನ್ನು ನಿಂತೇ ಓದಿದರು. ಪೂರ್ತಿ ಓದಿ ಪುಸ್ತಕವನ್ನು ಆ ತಾಯಿಯ ಕೈಗೆ ಕೊಟ್ಟರು. ಆಕೆ ಓದಿದರು, ಇನ್ನೊಮ್ಮೆ ಓದಿದರು, ಕೋಟು ತೆಗೆದು ಬೆಂಚಿನ ಬೆನ್ನಿಗೆ ತೂಗುಹಾಕಿದರು. ಹುಡುಗ ಮುಂದಿನ ಬೆಂಚಿಗೆ ಹೋದ.

ಪರಿಶೀಲಕಿ ನನ್ನ ಕಡೆ ಒಮ್ಮೆ ತಲೆಯಾಡಿಸಿ ತರಗತಿ ಶುರುಮಾಡಿದರು. ಎಲ್ಲರೂ ಪುಟ ನಲವತ್ತಾರು ತೆಗೆಯಿರಿ ಎಂದರು. ಹಾಳೆ ಮಗುಚುವ ಸದ್ದಾಯಿತು. ನಿಂತಿತು. ಮತ್ತೆ ಆಯಿತು.

"ದೇರ್ ಈಸ್ ನೋ ಫಾರ್ಟಿ ಸಿಕ್ಸ್," ಎಂದು ಒಂದು ಮಗು ಹೇಳಿತು.

ನಾನು ಒಂದು ಪ್ರತಿ ಎತ್ತಿಕೊಂಡೆ. ನಲವತ್ತೈದು ಇತ್ತು. ನಲವತ್ತೇಳು ಇತ್ತು. ನಡುವಿನ ಪುಟದಲ್ಲಿ ಫಾತಾ ಇತ್ತು, ಪ್ರಾತಾ ಇತ್ತು, ಗೆರೆಗಳೆಲ್ಲ ಇದ್ದವು. ಹಳೆಯ ಪೆಟ್ಟಿಗೆಯನ್ನು ಅಳಿಸುವಾಗ ಅದರ ಜೊತೆಯಲ್ಲೇ ಅಳಿಸಿಹೋದ ಪುಟಸಂಖ್ಯೆ ಮಾತ್ರ ಇರಲಿಲ್ಲ.